ಸಾಠ್ ಕಬರಿನಲ್ಲಿ ಜಿಪಿಎಸ್ ನಿಧಿಬೇಟೆ: ಆ್ಯಪು, ಯಂತ್ರ, ಜಾಗ, ಯಾವುದು ಎಲ್ಲಿಯವರೆಗೆ ಕೈಹಿಡಿಯುತ್ತದೆ

ಫೋನಿನ ಬಾಣ ‘ಇನ್ನು 4 ಮೀಟರ್’ ಎಂದು ತೋರಿಸಿ ನಿಲ್ಲುತ್ತದೆ. ತಲೆ ಎತ್ತಿದರೆ ಆ 4 ಮೀಟರಿನೊಳಗೆ ಒಂದಲ್ಲ, ಹಲವು ಗೋರಿಗಳು. ಎಲ್ಲವೂ ಒಂದೇ ಕಪ್ಪು ಕಲ್ಲು, ಒಂದೇ ಅಳತೆ, ಒಂದೇ ನಮೂನೆ. ಎರಡು ಹೆಜ್ಜೆ ಎಡಕ್ಕಿಟ್ಟರೆ ಬಾಣ ಬಲಕ್ಕೆ ತಿರುಗುತ್ತದೆ, ಬಲಕ್ಕಿಟ್ಟರೆ ಬೆನ್ನ ಹಿಂದೆ ತೋರಿಸುತ್ತದೆ. ವಿಜಯಪುರದ ಹಳೆಯ ಗೋರಿಗಳ ತಾಣ ಸಾಠ್ ಕಬರಿನಲ್ಲಿ ಜಿಪಿಎಸ್ ನಿಧಿಬೇಟೆ ಆಡುವವರು ಮೊದಲ ಹತ್ತು ನಿಮಿಷ ಕಳೆಯುವುದು ಹೀಗೆಯೇ. ಬಹಳ ಮಂದಿ ಫೋನನ್ನು ಬೈಯುತ್ತಾರೆ. ತಪ್ಪು ಫೋನಿನದಲ್ಲ, ಸುಳಿವು ಬರೆದವರದು. ಈ ಆಟ ಗೋರಿಗಳ ನಡುವೆ ಹೇಗೆ ನಡೆಯುತ್ತದೆ, ಯಾವ ಸಾಮಾನು ಉಪಯೋಗಕ್ಕೆ ಬರುತ್ತದೆ, ಊರಿನ ಯಾವ ಸ್ಮಾರಕ ಇದಕ್ಕೆ ಒಗ್ಗುತ್ತದೆ ಎಂಬುದನ್ನೆಲ್ಲ ಇಲ್ಲಿ ಒರೆಗೆ ಹಚ್ಚಿದ್ದೇವೆ.

ಆಟದ ಮೂಲ ಹೆಸರು ಜಿಯೋಕ್ಯಾಶಿಂಗ್. 2000ದ ಮೇ 2ರಂದು ಅಮೆರಿಕ ಸರಕಾರ ಸಾರ್ವಜನಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರಿನ ಆಸುಪಾಸು ತೂಗಾಡುತ್ತಿದ್ದ ಯಂತ್ರಗಳು ರಾತ್ರೋರಾತ್ರಿ ಕರಾರುವಾಕ್ಕಾದವು. ಮರುದಿನವೇ ಒರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬಾತ ಕಾಡಿನಂಚಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಇಂಟರ್ನೆಟ್ಟಿಗೆ ಹಾಕಿದ. ಇವತ್ತಿಗೂ ಆಟದ ಎಲುಬು ಅದೇ: ಒಬ್ಬರು ಬಚ್ಚಿಡುತ್ತಾರೆ, ಮತ್ತೊಬ್ಬರು ಅಂಕಿ ಹಿಡಿದು ಹುಡುಕುತ್ತಾರೆ, ಸಿಕ್ಕಾಗ ಒಳಗಿನ ಚೀಟಿಯಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ.

ಆದರೆ ಗೋರಿಗಳಿರುವ ಜಾಗದಲ್ಲಿ ಡಬ್ಬಿ ಬಚ್ಚಿಡುವ ಮಾತೇ ಬೇಡ. ಮೊದಲನೆಯದು ಕಾನೂನು. ಸಂರಕ್ಷಿತ ಸ್ಮಾರಕಕ್ಕೆ ಧಕ್ಕೆ ಮಾಡಿದರೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ, 2010ರ ತಿದ್ದುಪಡಿಯ ನಂತರ, ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಲ್ಲು ಸರಿಸಿ ಡಬ್ಬಿ ತುರುಕುವುದು, ಮಣ್ಣು ಕೆದರುವುದು ಈ ಲೆಕ್ಕಕ್ಕೇ ಬೀಳುತ್ತದೆ. ಎರಡನೆಯದು ಹಾವು ಚೇಳು. ಬಿರುಕು ಬಿಟ್ಟ ಗೋರಿಕಲ್ಲಿನ ಸಂದಿಯಲ್ಲಿ ಮಕ್ಕಳು ಕೈಹಾಕಿ ಹುಡುಕುವಂತೆ ಮಾಡುವ ಆಟ ಆಟವೇ ಅಲ್ಲ. ಮೂರನೆಯದನ್ನು ವಿವರಿಸಬೇಕಿಲ್ಲ: ಅಲ್ಲಿ ಮಲಗಿರುವವರು ಮನುಷ್ಯರು. ಹಾಗಾಗಿ ಇಲ್ಲಿ ಆಡಬೇಕಾದ್ದು ಡಬ್ಬಿಯಿಲ್ಲದ ಆಟ. ಅಂಕಿ ಹಿಡಿದು ಜಾಗ ಮುಟ್ಟಬೇಕು, ಅಲ್ಲಿ ಕಣ್ಣಿಗೆ ಬೀಳುವುದನ್ನು ಎಣಿಸಿ ಅಥವಾ ಓದಿ ಉತ್ತರ ಕೊಡಬೇಕು, ಆ ಉತ್ತರದಿಂದ ಮುಂದಿನ ಜಾಗದ ಅಂಕಿ ತೆರೆಯಬೇಕು.

ಇದಕ್ಕೆ ಸಿದ್ಧ ಆ್ಯಪುಗಳಿವೆ. ಅಡ್ವೆಂಚರ್ ಲ್ಯಾಬ್ ಆಡುವವರಿಗೆ ಉಚಿತ. ಜಾಗದ ಸುತ್ತ ಕಣ್ಣಿಗೆ ಕಾಣದ ವೃತ್ತವೊಂದಿರುತ್ತದೆ, ಅದರೊಳಗೆ ಕಾಲಿಟ್ಟಾಗಲೇ ಪ್ರಶ್ನೆ ತೆರೆಯುತ್ತದೆ. ಗೋರಿಗಳಿಗೆ ಹೇಳಿ ಮಾಡಿಸಿದಂಥ ನಮೂನೆ. ಕೊರತೆ ಎಂದರೆ ಹೊಸ ಆಟ ಕಟ್ಟುವ ಅವಕಾಶ ಎಲ್ಲ ಖಾತೆಗಳಿಗೂ ಸಿಗುವುದಿಲ್ಲ, ಆಡುವಾಗ ಡೇಟಾ ಸಿಗ್ನಲ್ಲೂ ಬೇಕು. ಜಿಯೋಕ್ಯಾಶಿಂಗ್ ಆ್ಯಪಿನಲ್ಲಿ ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ: ಹುಡುಕಲು ಎಷ್ಟು ಕಷ್ಟ, ನೆಲ ಎಷ್ಟು ಕಷ್ಟ, ಎರಡೂ 1ರಿಂದ 5ರವರೆಗೆ. ಉಚಿತ ಖಾತೆಗೆ ಎಲ್ಲವೂ ತೆರೆಯುವುದಿಲ್ಲ. ಆಂಡ್ರಾಯ್ಡ್ ಇದ್ದವರು ಸಿ:ಜಿಯೋ ಹಾಕಿಕೊಂಡು ವಿವರಗಳನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಬಹುದು. ಆದರೆ ಹತ್ತು ಜನರ ಶಾಲಾ ತಂಡವೋ, ಮನೆಮಂದಿಯೋ ಹೊರಟಿದ್ದರೆ ಇವ್ಯಾವುದೂ ಬೇಕಿಲ್ಲ. ಆಸ್‌ಮ್ಯಾಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ವಿಜಯಪುರದ ನಕ್ಷೆ ಇಳಿಸಿಕೊಳ್ಳಿ, ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬ್ಯಾಟರಿ ಉಳಿಯುತ್ತದೆ, ಸಿಗ್ನಲ್ ಹೋದರೆ ಆಟ ನಿಲ್ಲುವುದಿಲ್ಲ. ನಮ್ಮ ಮತ ಹಾಳೆಗೇ.

ಹಾಳೆಯ ಆಟ ಕೆಡುವುದು ಸಾಮಾನ್ಯವಾಗಿ ಮನೆಯಲ್ಲೇ, ಅಂಕಿ ಬರೆಯುವಾಗ. ಒಂದೇ ಜಾಗವನ್ನು ಮೂರು ರೀತಿ ಬರೆಯುವ ರೂಢಿ ಇದೆ. ಗೋಳಗುಮ್ಮಟವನ್ನೇ ತೆಗೆದುಕೊಳ್ಳಿ. ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿ ಅದು ಉತ್ತರ 16° 49′ 48″, ಪೂರ್ವ 75° 44′ 10″. ನಿಧಿಬೇಟೆಯವರ ರೂಢಿಯಂತೆ ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ 16° 49.80′, 75° 44.17′. ಗೂಗಲ್ ನಕ್ಷೆ ತೋರಿಸುವಂತೆ ಬರೀ ಡಿಗ್ರಿಯಲ್ಲಿ 16.8300, 75.7361. ಈಗ ಯಾರೋ ಎರಡನೆಯದನ್ನು ಅವಸರದಲ್ಲಿ 16.4980, 75.4417 ಎಂದು ಟೈಪು ಮಾಡಿದರು ಅನ್ನಿ. ಫೋನು ತಕರಾರಿಲ್ಲದೆ ದಾರಿ ತೋರಿಸುತ್ತದೆ, ಗುಮ್ಮಟದಿಂದ ಸುಮಾರು 48 ಕಿ.ಮೀ. ನೈಋತ್ಯಕ್ಕೆ, ಜಮಖಂಡಿ ಸೀಮೆಯ ಕಡೆಗೆ. ಇಷ್ಟು ದೊಡ್ಡ ತಪ್ಪು ಬೇಗ ಗೊತ್ತಾಗುತ್ತದೆ, ನಕ್ಕು ತಿದ್ದಿಕೊಳ್ಳಬಹುದು. ಸಣ್ಣ ತಪ್ಪೇ ಕಾಡುವುದು: 49′ 48″ ಅನ್ನು 49.48′ ಎಂದು ಬರೆದರೆ ಬಾಣ ಸುಮಾರು 600 ಮೀಟರ್ ದಕ್ಷಿಣಕ್ಕೆ ಕರೆದೊಯ್ಯುತ್ತದೆ, ಅಲ್ಲೂ ಊರೇ ಇರುತ್ತದೆ, ಆದ್ದರಿಂದ ಅನುಮಾನವೇ ಬರುವುದಿಲ್ಲ. ಹಾಳೆಯಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ರೀತಿ ಬಳಸಿ, ಆ ರೀತಿ ಯಾವುದೆಂದು ಮೇಲೆಯೇ ಬರೆಯಿರಿ, ಆಡುವವರ ಆ್ಯಪಿನ ಸೆಟ್ಟಿಂಗೂ ಅದೇ ಇದೆಯೇ ಎಂದು ಹೊರಡುವ ಮುಂಚೆ ನೋಡಿ.

ಕೊನೆಯ ಅಂಕಿಯ ಬೆಲೆ ಗೊತ್ತಿದ್ದರೆ ಅನಗತ್ಯ ಕೊಸರಾಟ ತಪ್ಪುತ್ತದೆ. ಅಕ್ಷಾಂಶದಲ್ಲಿ ನಿಮಿಷದ ಸಾವಿರದಲ್ಲೊಂದು ಪಾಲು ಎಂದರೆ 1.85 ಮೀಟರ್, ನಮ್ಮ ಸೀಮೆಯಲ್ಲಿ ರೇಖಾಂಶದ್ದು ತುಸು ಕಡಿಮೆ, 1.77 ಮೀಟರ್. ಬರೀ ಡಿಗ್ರಿಯಲ್ಲಿ ಬರೆದರೆ ಐದನೇ ದಶಮಾಂಶಕ್ಕೆ ಒಂದು ಮೀಟರಿನ ಸುಮಾರು. ಫೋನಿಗೆ ಬಯಲಿನಲ್ಲಿ, ಆಕಾಶ ಪೂರ್ತಿ ತೆರೆದಿದ್ದಾಗ ಸಿಗುವ ನಿಖರತೆ 5 ಮೀಟರ್ ಆಸುಪಾಸು. ಅಂದರೆ ಏಳನೇ ದಶಮಾಂಶದವರೆಗೆ ಅಂಕಿ ಕೊಟ್ಟವರು ನಿಖರತೆ ಕೊಟ್ಟಿಲ್ಲ, ಅಂಕಿ ಕೊಟ್ಟಿದ್ದಾರೆ ಅಷ್ಟೆ.

ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಬೇಕೇ? ಗಾರ್ಮಿನ್ ಇಟ್ರೆಕ್ಸ್ ನಮೂನೆಯವು ಎರಡು ಡಬಲ್-ಎ ಸೆಲ್ಲಿನ ಮೇಲೆ ಇಡೀ ದಿನ ಓಡುತ್ತವೆ, ಬಿಸಿಲಿನಲ್ಲಿ ಪರದೆ ಕಾಣುತ್ತದೆ, ಬೆವರಿದ ಕೈಗೂ ಗುಂಡಿ ಒತ್ತಿಸಿಕೊಳ್ಳುತ್ತವೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಫೋನು ಕಾದು ಬೆಳಕು ತಗ್ಗಿಸಿಕೊಂಡು ಕಪ್ಪಗೆ ಕೂತಾಗ ಇದರ ಬೆಲೆ ಗೊತ್ತಾಗುತ್ತದೆ. ಸುಳಿವು ತಯಾರಿಸುವವರಿಗೆ ಇನ್ನೊಂದು ಲಾಭ: ಒಂದೇ ಬಿಂದುವನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವ ಸೌಲಭ್ಯ. ಎರಡು-ಮೂರು ನಿಮಿಷ ಅಲ್ಲಾಡದೆ ನಿಂತು ಒಮ್ಮೆ, ಒಂದೂವರೆ ಗಂಟೆ ಬಿಟ್ಟು ಮತ್ತೊಮ್ಮೆ ಅಳೆಯಿರಿ. ಅಷ್ಟರಲ್ಲಿ ಉಪಗ್ರಹಗಳ ಜಾಗ ಬದಲಾಗಿರುತ್ತದೆ, ತಪ್ಪು ಒಂದನ್ನೊಂದು ಕಳೆದುಕೊಳ್ಳುತ್ತದೆ. ಆದರೆ 22ಎಕ್ಸ್‌ನಂಥ ಮಾದರಿಯಲ್ಲಿ ಒಳಗೆ ದಿಕ್ಸೂಚಿ ಇಲ್ಲ, ನಡೆಯುತ್ತಿದ್ದಾಗ ಮಾತ್ರ ದಿಕ್ಕು ಸರಿ ತೋರಿಸುತ್ತದೆ. ನಿಂತಲ್ಲೇ ದಿಕ್ಕು ಬೇಕೆಂದರೆ 32ಎಕ್ಸ್ ಬೇಕು. ಬರೀ ಆಡಲು ಹೋಗುವವರಿಗೆ ಫೋನು ಮತ್ತು ಒಂದು ಪವರ್ ಬ್ಯಾಂಕ್ ಸಾಕು, ದುಡ್ಡು ಸುರಿಯಬೇಡಿ. ಬ್ಯಾಟರಿ ಉಳಿಸುವ ಮೋಡನ್ನು ಮಾತ್ರ ಆಫ್ ಮಾಡಿಡಿ. ಅದು ಆನ್ ಇದ್ದರೆ ಪರದೆ ಆರಿದ ಕೂಡಲೇ ಜಿಪಿಎಸ್ ನಿದ್ದೆ ಹೋಗುತ್ತದೆ, ಎದ್ದಾಗ ಐದು ನಿಮಿಷ ಹಿಂದಿನ ಜಾಗವನ್ನೇ ಹಿಡಿದು ಕೂತಿರುತ್ತದೆ.

ಇನ್ನು ದಿಕ್ಸೂಚಿ. ಇದು ಎಲ್ಲರನ್ನೂ ಬೀಳಿಸುವ ಹಳ್ಳ. ಫೋನಿನ ದಿಕ್ಸೂಚಿ ಕಾಂತದ ಮೇಲೆ ನಡೆಯುತ್ತದೆ. ನಮ್ಮ ನೆಲದ ಕಪ್ಪು ಕಲ್ಲು ಬಸಾಲ್ಟ್; ಅದರಲ್ಲಿ ಕಾಂತಗುಣದ ಕಬ್ಬಿಣದ ಖನಿಜ ಇರುತ್ತದೆ. ದಿಕ್ಕು ನೋಡಲು ಫೋನನ್ನು ಗೋರಿಯ ಕಟ್ಟೆಯ ಮೇಲೆ ಸಪಾಟಾಗಿ ಇಟ್ಟರೆ ಮುಳ್ಳು ಹೊಯ್ದಾಡಿ ಎತ್ತಲೋ ನಿಲ್ಲಬಹುದು. ಕಬ್ಬಿಣದ ಬೇಲಿ, ಕಾಂತದ ಗುಂಡಿ ಇರುವ ಫೋನ್ ಕವರು ಸೇರಿದರೆ ಕೇಳುವುದೇ ಬೇಡ. ಫೋನನ್ನು ಎದೆಮಟ್ಟದಲ್ಲಿ ಹಿಡಿಯಿರಿ, ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಮೂರ್ನಾಲ್ಕು ಸಲ ಆಡಿಸಿ. ಅಷ್ಟಾದರೂ ಅನುಮಾನವಿದ್ದರೆ ಗೋರಿಯನ್ನೇ ಕೇಳಿ. ಮುಸ್ಲಿಂ ಪದ್ಧತಿಯಲ್ಲಿ ಶವದ ಮುಖ ಮಕ್ಕಾ ಕಡೆಗಿರಬೇಕು. ನಮ್ಮ ದೇಶದಿಂದ ಅದು ಪಡುವಣ. ಹಾಗಾಗಿ ಮೈ ಉತ್ತರ-ದಕ್ಷಿಣವಾಗಿ ಮಲಗುತ್ತದೆ, ಗೋರಿಯ ಉದ್ದವೂ ಹೆಚ್ಚುಕಡಿಮೆ ಉತ್ತರ-ದಕ್ಷಿಣವೇ. ಸಾಠ್ ಕಬರಿನಲ್ಲಿ ಇಡೀ ಸಾಲುಗಳು ಹೀಗೆ ಬಿದ್ದಿವೆ. ಬ್ಯಾಟರಿ ಸತ್ತರೂ ಸಾಯದ ದಿಕ್ಸೂಚಿ ಇದು. ಬಾಣ ತೋರಿಸುವ ಉತ್ತರವೂ ಗೋರಿಯ ಉದ್ದವೂ ಅಡ್ಡಡ್ಡ ಬಂದರೆ ಕೆಟ್ಟಿರುವುದು ಬಾಣ.

ಸಾಠ್ ಕಬರ್ ಊರಿನ ಪಡುವಣಕ್ಕೆ, ಐದು ಕಿಲೋಮೀಟರಿನ ಅಂದಾಜು. ಆಟೋದವರಿಗೆ ಈ ಹೆಸರು ಹೇಳಿದರೆ ಸಾಕು, ಆದರೆ ಕೊನೆಯ ತುಂಡು ದಾರಿಗೆ ಬೂಟು, ಮುಚ್ಚಿದ ಪ್ಯಾಂಟು ಬೇಕು. ಜಾಲಿಮುಳ್ಳು ಚಪ್ಪಲಿಯನ್ನು ಲೆಕ್ಕಕ್ಕಿಡುವುದಿಲ್ಲ. ಆದಿಲಶಾಹಿ ಸರದಾರ ಅಫಜಲಖಾನ 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಡುವಾಗ, ತಾನು ತಿರುಗಿ ಬರುವುದಿಲ್ಲವೆಂಬ ಭವಿಷ್ಯ ಕೇಳಿ ತನ್ನ ಹೆಂಡಿರನ್ನೆಲ್ಲ ಕೊಂದು ಇಲ್ಲಿ ಹೂಳಿಸಿದ ಎಂಬುದು ಜನರ ಬಾಯಲ್ಲಿರುವ ಕತೆ. ಇತಿಹಾಸ ಗಟ್ಟಿಯಾಗಿ ಹೇಳುವುದು ಮುಂದಿನ ಮಾತನ್ನು: ಅದೇ ವರ್ಷ ನವೆಂಬರ್ 10ರಂದು ಪ್ರತಾಪಗಡದಲ್ಲಿ ಅವನು ಸತ್ತ, ಅವನ ಗೋರಿಯೂ ಅಲ್ಲೇ ಆಯಿತು. ತನಗಾಗಿ ಇಲ್ಲಿ ಕಟ್ಟಿಸಿಕೊಂಡಿದ್ದ ಗೋರಿ ಖಾಲಿ ಉಳಿಯಿತು.

ಈಗ ಆಟದ ದೃಷ್ಟಿಯಿಂದ ನೋಡಿ. ‘ಸಾಠ್’ ಎಂದರೆ ಅರವತ್ತು. ಆದರೆ 63 ಎಂಬ ಲೆಕ್ಕವೂ ಇದೆ, ಜೊತೆಗೊಂದು ತೆರೆದ ಗುಂಡಿ. ಅದರಿಂದಲೇ ಒಬ್ಬಳು ತಪ್ಪಿಸಿಕೊಂಡಳೆಂಬ ಕತೆ ಬೆಳೆದಿದೆ. ಸುಳಿವು ಬರೆಯುವವರು ಮೊದಲು ಎಡವುವುದು ಇಲ್ಲಿಯೇ. ‘ಒಟ್ಟು ಎಷ್ಟು ಗೋರಿ? ಆ ಸಂಖ್ಯೆಯನ್ನು ಮುಂದಿನ ಅಂಕಿಗೆ ಸೇರಿಸಿ’ ಎಂದು ಬರೆದರೆ ಹತ್ತು ತಂಡಕ್ಕೆ ನಾಲ್ಕು ಉತ್ತರ ಬರುತ್ತವೆ. ಒಡೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಕೇ, ಗುಂಡಿಯನ್ನು ಹಿಡಿಯಬೇಕೇ, ಹುಲ್ಲಿನಲ್ಲಿ ಮುಚ್ಚಿಹೋದದ್ದು? ಮೂರು ಗೋರಿಯ ವ್ಯತ್ಯಾಸ ನಿಮಿಷದ ಸಾವಿರದ ಸ್ಥಾನಕ್ಕೆ ಹೋದರೆ ಐದೂವರೆ ಮೀಟರ್, ಬದುಕಿಕೊಳ್ಳಬಹುದು. ನೂರರ ಸ್ಥಾನಕ್ಕೆ ಹೋದರೆ 55 ಮೀಟರ್, ಮುಳ್ಳುಕಂಟಿಯೊಳಗೆ. ಒಟ್ಟು ಎಣಿಕೆ ಕೇಳಲೇಬೇಡಿ. ‘ಕಟ್ಟೆಯ ಈಶಾನ್ಯ ಮೂಲೆಯಿಂದ ಶುರುವಾಗುವ ಸಾಲಿನಲ್ಲಿ ಎಷ್ಟು’ ಎಂದು ಕೇಳಿ. ಜೊತೆಗೆ ಹಾಳೆಯ ತುದಿಯಲ್ಲಿ ತಾಳೆ ಅಂಕಿ ಕೊಡಿ: ಸರಿಯಾದ ಅಕ್ಷಾಂಶದ ಎಲ್ಲ ಅಂಕಿ ಕೂಡಿಸಿದರೆ ಇಷ್ಟು ಬರಬೇಕು ಎಂದು. ಉದಾಹರಣೆಗೆ 16° 49.802′ ಆದರೆ 1+6+4+9+8+0+2, ಬರೋಬ್ಬರಿ 30. ತಾಳೆಯಾಗದಿದ್ದರೆ ಆಡುವವರು ಅಲ್ಲೇ ನಿಂತು ಮತ್ತೊಮ್ಮೆ ಎಣಿಸುತ್ತಾರೆ, ಬಿಸಿಲಲ್ಲಿ ಅರ್ಧ ಕಿಲೋಮೀಟರ್ ಅಲೆಯುವುದಿಲ್ಲ.

ಇನ್ನೂ ಒಳ್ಳೆಯ ಪ್ರಶ್ನೆಯೊಂದಿದೆ, ಅದಕ್ಕೆ ಜಿಪಿಎಸ್ ಬೇಡವೇ ಬೇಡ. ದಖ್ಖನ್ನಿನ ಗೋರಿಗಳಲ್ಲಿ ಗಂಡಸಿನ ಗೋರಿಯ ತಲೆಯ ಮೇಲೆ ಉದ್ದಕ್ಕೆ ಉಬ್ಬಿದ ಏಣು ಇರುತ್ತದೆ. ಕಲಮದಾನಿ, ಅಂದರೆ ಲೇಖನಿ ಪೆಟ್ಟಿಗೆಯ ಆಕಾರ. ಹೆಂಗಸಿನ ಗೋರಿಯ ಮೇಲೆ ಅದಿಲ್ಲ, ಬರೆಯುವ ಹಲಗೆಯ ಹಾಗೆ ಸಪಾಟು. ಸಾಠ್ ಕಬರಿನ ಗೋರಿಗಳ ನೆತ್ತಿ ಸಪಾಟು. ಕತೆಯನ್ನು ನಂಬಿ, ನಂಬದೆ ಇರಿ, ಇವು ಹೆಂಗಸರ ಗೋರಿಗಳು ಎಂದು ಕಲ್ಲೇ ಹೇಳುತ್ತದೆ. ಇದನ್ನು ಮೊದಲೇ ಹೇಳಿಕೊಡಬೇಡಿ. ‘ಇಲ್ಲಿನ ಗೋರಿಯ ನೆತ್ತಿ ಹೇಗಿದೆ, ಕೈಯಿಂದ ಗೆರೆ ಎಳೆದು ತೋರಿಸಿ’ ಎಂದು ಹಾಳೆಯಲ್ಲಿ ಚೌಕ ಬಿಡಿ, ಮುಂದೆ ಇನ್ನೊಂದು ಗೋರಿಯ ಬಳಿ ಅದೇ ಪ್ರಶ್ನೆ ಕೇಳಿ, ಎರಡು ಚಿತ್ರ ಪಕ್ಕಪಕ್ಕ ಬಂದಾಗ ಹುಡುಗರೇ ಕೇಳುತ್ತಾರೆ. ಬೆಳಿಗ್ಗೆ ಏಳರ ಸುಮಾರಿಗೆ ಓರೆ ಬಿಸಿಲು ಕಲ್ಲಿನ ಮೇಲೆ ಹಾಯುವಾಗ ಏಣು, ಅಂಚು ಎಲ್ಲ ಎದ್ದು ಕಾಣುತ್ತವೆ. ಹನ್ನೊಂದಾದರೆ ಎಲ್ಲ ಕಲ್ಲೂ ಒಂದೇ. ಆದ್ದರಿಂದ ದಿನವನ್ನು ಸಾಠ್ ಕಬರಿನಿಂದ ಶುರು ಮಾಡಿ. ಗೋಳಗುಮ್ಮಟದಿಂದ ಶುರು ಮಾಡುವ ಎಲ್ಲರ ರೂಢಿ ಈ ಆಟಕ್ಕೆ ಸರಿಹೋಗುವುದಿಲ್ಲ.

ಇನ್ನು ಊರೊಳಗಿನ ಜಾಗಗಳು. ಜಿಪಿಎಸ್‌ಗೆ ಅತ್ಯಂತ ಸುಖದ ಜಾಗ ಬಾರಾ ಕಮಾನ್. ಎರಡನೇ ಅಲಿ ಆದಿಲಶಾಹ 1672ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತ ಗೋರಿ, ಮೇಲೆ ಛಾವಣಿಯಿಲ್ಲ, ಕಮಾನುಗಳ ನಡುವೆ ಆಕಾಶವೇ ಆಕಾಶ. ಉಪಗ್ರಹಗಳಿಗೆ ಅಡ್ಡಿ ಕಡಿಮೆ, ಬಾಣ ಸೀದಾ ನಿಲ್ಲುತ್ತದೆ. ಚಿಕ್ಕ ಮಕ್ಕಳಿಗೆ ಆಟ ಕಲಿಸಲು ಇದಕ್ಕಿಂತ ಒಳ್ಳೆಯ ಅಂಗಳ ಇಲ್ಲ.

ಗೋಳಗುಮ್ಮಟ ಅದರ ತದ್ವಿರುದ್ಧ. ಮೂರು ಮೀಟರ್ ದಪ್ಪದ ಗೋಡೆ, ಮೇಲೆ 44 ಮೀಟರ್ ವ್ಯಾಸದ ಗುಮ್ಮಟ; ಒಳಗೆ ಕಾಲಿಟ್ಟರೆ ಉಪಗ್ರಹದ ಸುದ್ದಿಯೇ ಇಲ್ಲ. ಫೋನು ಮೊಬೈಲ್ ಟವರಿನ ಅಂದಾಜಿನ ಮೇಲೆ ಚುಕ್ಕೆಯನ್ನು ಅತ್ತಿತ್ತ ಹಾರಿಸುತ್ತದೆ. ಹೊರಗೂ ಗೋಡೆಗೆ ಒತ್ತಿ ನಿಂತರೆ ಸಂಕೇತ ಸೀದಾ ಬರದೆ ಗೋಡೆಗೆ ಬಡಿದು ಬರುತ್ತದೆ, ದಾರಿ ಉದ್ದವಾದಷ್ಟೂ ಲೆಕ್ಕ ತಪ್ಪುತ್ತದೆ, ಚುಕ್ಕೆ ಹತ್ತು ಹದಿನೈದು ಮೀಟರ್ ಸರಿಯುತ್ತದೆ. ಹಾಗಾದಾಗ ಗೋಡೆಯಿಂದ ದೂರ ಹೋಗಿ, ಸುಮಾರು 30 ಮೀಟರಿನಿಂದ ಮೂರು ಬೇರೆಬೇರೆ ದಿಕ್ಕಿನಲ್ಲಿ ಗುರಿಯ ಕಡೆ ನಡೆಯಿರಿ, ಬಾಣದ ಗೆರೆಗಳು ಎಲ್ಲಿ ಕೂಡುತ್ತವೆಯೋ ಅಲ್ಲಿ ಹುಡುಕಿ. ಸುಳಿವನ್ನು ದಕ್ಷಿಣದ ಬಾಗಿಲ ಮೇಲಿನ ಶಾಸನಕ್ಕೆ ಕಟ್ಟುವುದು ಜಾಣತನ. ಅದರ ಮೂರು ತುಂಡುಗಳಲ್ಲಿ ಪ್ರತಿಯೊಂದರ ಅಕ್ಷರಗಳ ಬೆಲೆ (ಫಾರಸಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಹಿಡಿಯುವ ಪದ್ಧತಿ ಇದೆ) ಕೂಡಿಸಿದರೂ ಮಹಮ್ಮದ ಆದಿಲಶಾಹ ತೀರಿದ ಹಿಜರಿ 1067, ನಮ್ಮ ಲೆಕ್ಕದ 1656, ಬರುತ್ತದೆ. ಫಾರಸಿ ಬಾರದವರಿಗೆ ವರ್ಷ ಹೇಳಿಬಿಡಿ, ‘ಶಾಸನ ಎಷ್ಟು ತುಂಡು’ ಎಂಬುದನ್ನಷ್ಟೇ ಕೇಳಿ. ಒಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳು ಬರೀ ಗುರುತು. ಸುಲ್ತಾನ, ಅವನ ಇಬ್ಬರು ಹೆಂಡಿರು, ನರ್ತಕಿ ರಂಭಾ, ಮಗಳು, ಮೊಮ್ಮಗ ಮಲಗಿರುವುದು ಕೆಳಗಿನ ನೆಲಮನೆಯಲ್ಲಿ. ‘ನಿಜವಾದ ಗೋರಿ ಎಲ್ಲಿ?’ ಎಂಬುದು ಇಡೀ ಊರಿನ ಅತ್ಯುತ್ತಮ ಒಗಟು, ಯಾವ ಉಪಗ್ರಹಕ್ಕೂ ಉತ್ತರ ಗೊತ್ತಿಲ್ಲ.

ಅಲ್ಲಿಂದ ನೇರ ಗೆರೆಯಲ್ಲಿ ಮೂರೂವರೆ ಕಿ.ಮೀ. ಪಡುವಣಕ್ಕೆ ಇಬ್ರಾಹಿಂ ರೋಜಾ. ಒಂದೇ ಜಗಲಿಯ ಮೇಲೆ ಎದುರುಬದುರು ಗೋರಿ ಮತ್ತು ಮಸೀದಿ. ಯಾವುದು ಯಾವುದೆಂದು ಗೊಂದಲವಾದರೆ ಮತ್ತೆ ಅದೇ ಸೂತ್ರ: ಪಡುವಣಕ್ಕಿರುವುದು ಮಸೀದಿ. ಕಟ್ಟಡಕ್ಕೆ ಒಂದೂವರೆ ಲಕ್ಷ ಹೊನ್ನು ತಗುಲಿತೆಂದು ಶಾಸನವೇ ಹೇಳುತ್ತದೆ. ಒಳಗಿನ ಗೋರಿಗಳು ಆರು. ಸುಳಿವಿಗೆ ಅಂಕಿ ಬೇಕಾದಷ್ಟಿದೆ, ಕಲ್ಲಿನ ಜಾಲರಿಯ ಅಕ್ಷರ ಕೆತ್ತನೆ ನೋಡುತ್ತ ನಿಂತವರನ್ನು ಎಬ್ಬಿಸಿ ಮುಂದೆ ಕಳಿಸುವುದೇ ಕಷ್ಟ. ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಜೋಡ ಗುಮ್ಮಟವನ್ನು ಮಾತ್ರ ಹಾಳೆಯಿಂದ ತೆಗೆದುಬಿಡಿ ಎನ್ನುವುದು ನಮ್ಮ ಸಲಹೆ. ಒಂದು ಎಂಟು ಮೂಲೆಯದು, ಇನ್ನೊಂದು ಚೌಕ, ಒಗಟಿಗೆ ಚೆನ್ನ. ಆದರೆ ಅದು ಜನ ಹರಕೆ ಹೊತ್ತು ಬರುವ ದರ್ಗಾ. ಅಲ್ಲಿ ಫೋನು ಮುಂದೆ ಹಿಡಿದು ಓಡಾಡುವುದು ಚಂದವಲ್ಲ. ಹೋಗುವುದಾದರೆ ತಲೆಗೆ ವಸ್ತ್ರ ಹಾಕಿ, ಚಪ್ಪಲಿ ಬಿಟ್ಟು, ಆಟ ಬದಿಗಿಟ್ಟು ಹೋಗಿ.

ಗೋಳಗುಮ್ಮಟ, ಇಬ್ರಾಹಿಂ ರೋಜಾ ಎರಡಕ್ಕೂ ಟಿಕೆಟ್ ಇದೆ, ಬೇರೆಬೇರೆ. ಹದಿನೈದು ವರ್ಷದೊಳಗಿನವರಿಗೆ ಬೇಡ. ಟ್ರೈಪಾಡಿಗೆ ಅನುಮತಿ ಬೇಕು, ಡ್ರೋನ್ ಬೇಡವೇ ಬೇಡ. ಎತ್ತರದ ಕಮಾನಿನ ಕೆಳಗೆ ಹೆಜ್ಜೇನು ಕಂಡರೆ ಕೂಗಾಟ, ಅತ್ತರು, ಹೊಗೆ ಮೂರೂ ಇಲ್ಲದೆ ಸಾವಕಾಶ ಹಿಂದೆ ಸರಿಯಿರಿ. ತಲಾ ಎರಡು ಲೀಟರ್ ನೀರು, ಪೆನ್ನಿಗಿಂತ ಪೆನ್ಸಿಲು (ಬೆವರಿಗೆ ಶಾಯಿ ಕಲಸಿಹೋಗುತ್ತದೆ), ಹಾಳೆ ಹಿಡಿಯಲು ರಟ್ಟು, ಒಂದು ತಂಡಕ್ಕೆ ನಾಲ್ಕೇ ಜನ. ಐದನೆಯವರು ಸೇರಿದರೆ ಇಬ್ಬರು ಎಣಿಸುತ್ತಾರೆ, ಮೂವರು ಸೆಲ್ಫಿ ತೆಗೆಯುತ್ತಾರೆ. ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ.

ಇಷ್ಟೆಲ್ಲ ಆಗಿ, ನಿಧಿ ಎಲ್ಲಿ? ಡಬ್ಬಿ ಇಲ್ಲದ ಬೇಟೆ ಮಕ್ಕಳಿಗೆ ಸಪ್ಪೆ, ಅದು ಖರೆ. ಕೊನೆಯ ಅಂಕಿಯನ್ನು ಯಾವ ಸ್ಮಾರಕದ ಮೇಲೂ ಇಡಬೇಡಿ. ನೀವು ಊಟಕ್ಕೆ ಕೂರುವ ಜಾಗದ ಮೇಲೋ, ಗಾಡಿ ನಿಲ್ಲಿಸಿದ ಮರದ ಮೇಲೋ ಇಡಿ. ಡಿಕ್ಕಿಯಲ್ಲಿ ಬೀಗ ಹಾಕಿದ ಸ್ಟೀಲ್ ಡಬ್ಬಿ, ಬೀಗದ ನಾಲ್ಕು ಅಂಕಿ 1067. ಒಳಗೆ ಶೇಂಗಾ ಚಿಕ್ಕಿ ಇಡುವವರು ಹೆಚ್ಚು, ಆದರೆ ಮುಚ್ಚಿದ ಗಾಡಿಯ ಕಾವಿಗೆ ಬೆಲ್ಲ ಕರಗಿ ಎಲ್ಲ ಒಂದೇ ಗಟ್ಟಿಯಾಗಿಬಿಡುತ್ತದೆ. ಶೇಂಗಾ ಹೋಳಿಗೆ ಇಡಿ, ಒಂದರ ಮೇಲೊಂದು, ನಡುವೆ ಬಟರ್ ಪೇಪರ್ ಹಾಕಿ.